"ನಡೆದರೆ ಸಾಕು, ಮಾತ್ರೆ ಬೇಡ" ಅನ್ನುವ ಫಾರ್ವರ್ಡ್ ಬಗ್ಗೆ ನಮ್ಮ ಬ್ಯಾಚಿನ ಗುಂಪಿನಲ್ಲಿ ನಡೆದ ಮಾತು

2021ರ ಜೂನ್ 15ರ ಸಂಜೆ ನಮ್ಮ ಹಾಸನದ ಹೈಸ್ಕೂಲ್ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇದು. ಹಿಂದಿನ ದಿನವಷ್ಟೇ ಬೆಂಗಳೂರಿನಲ್ಲಿ ಪಾರ್ಕುಗಳು ಬೆಳಗ್ಗೆ 5ರಿಂದ 10ರವರೆಗೆ ತೆರೆದಿದ್ದವು. ಹಾಸನ, ಮೈಸೂರು ಸೇರಿ 11 ಜಿಲ್ಲೆಗಳಲ್ಲಿ ಮಾತ್ರ ಲಾಕ್‌ಡೌನ್ 21ರವರೆಗೂ ಮುಂದುವರಿದಿತ್ತು. ಗೆಳೆಯರನ್ನು ಕೇಳಿಯೇ ಹಾಕುತ್ತಿದ್ದೇನೆ, ಹೆಸರುಗಳನ್ನು ಬದಲಿಸಿದ್ದೇನೆ. ಉಷಾ ಅಂದರೆ ನಾನು. ಬೆಂಗಳೂರಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಇಂಥ ಸಂದೇಶಗಳು ಇವತ್ತಿಗೂ ಬರುತ್ತಲೇ ಇವೆ. ಅದಕ್ಕೇ ಇದನ್ನು ಹಂಚಿಕೊಳ್ಳಬೇಕು ಅನ್ನಿಸಿತು.

ಸತೀಶ (ಫಾರ್ವರ್ಡ್ ಆದದ್ದು): ಕೊರೊನಾ ಕಾಲದ ಖಿನ್ನತೆಗೆ ಮದ್ದು ನಿಮ್ಮ ಕಾಲಿನಲ್ಲೇ ಇದೆ! ದಿನಕ್ಕೆ ಬರೀ 30 ನಿಮಿಷ ನಡೆಯಿರಿ. ನಡೆಯುವವರಿಗೆ ಖಿನ್ನತೆ ಬರುವುದೇ ಇಲ್ಲ ಅಂತ ವಿಜ್ಞಾನಿಗಳೇ ಹೇಳಿದ್ದಾರೆ. ಮನಸ್ಸಿನ ಮಾತ್ರೆಗಳನ್ನು ಇವತ್ತೇ ಕಸದ ಬುಟ್ಟಿಗೆ ಹಾಕಿ. ಸೋಮಾರಿತನ ಬಿಡಿ, ಸಂತೋಷವಾಗಿರಿ. ನಿಮ್ಮವರಿಗೆಲ್ಲ ಕಳಿಸಿ.

ಸತೀಶ: ಎಲ್ಲರೂ ಓದಿ. ನಿನ್ನೆ ಪಾರ್ಕ್ ತೆಗೆದ ಕೂಡಲೇ ಹೋಗಿದ್ದೆ. ಏಪ್ರಿಲ್‌ನಿಂದ ಎದೆ ಮೇಲೆ ಕೂತಿದ್ದ ಭಾರ ಸ್ವಲ್ಪ ಇಳಿಯಿತು. ನಿಜವಾಗಿ ಹೇಳುತ್ತಿದ್ದೇನೆ.

ನಾಗರಾಜ: ನಿಮಗೆ ತೆಗೆದರು. ಇಲ್ಲಿ ಇನ್ನೂ ಬೀಗ. ಬೆಳಗ್ಗೆ ಸಾಮಾನು ತರಲು ಬಿಡುವ ಹೊತ್ತು ಬಿಟ್ಟರೆ ರಸ್ತೆಗೆ ಇಳಿಯೋ ಹಾಗಿಲ್ಲ. ವಾಕಿಂಗ್ ಹೊರಟೆ ಅಂದರೆ ಮನೆಗೆ ಹೋಗಿ ಅಂತ ವಾಪಸ್ ಕಳಿಸುತ್ತಾರೆ. ಇದಕ್ಕೆ ಸೋಮಾರಿತನ ಅಂತೀಯಾ?

ಸತೀಶ: ತಾರಸಿ ಇದೆಯಲ್ಲೋ.

ನಾಗರಾಜ: ನಾವು ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇರೋದು. ತಾರಸಿ ಬೀಗ ಓನರ್ ಹತ್ತಿರ. ಕೊರೊನಾ ಭಯದಲ್ಲಿ ಅವರು ಯಾರನ್ನೂ ಮೇಲೆ ಬಿಡುತ್ತಿಲ್ಲ. ಅವರದ್ದೂ ತಪ್ಪಲ್ಲ ಬಿಡು.

ಗೀತಾ: 30 ನಿಮಿಷ! ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದರವರೆಗೂ ನಿಂತೇ ಇರುತ್ತೇನೆ. ಮನೆಕೆಲಸದವರು ಬರುತ್ತಿಲ್ಲ. ಅತ್ತೆ ಮಾವ ಇಬ್ಬರನ್ನೂ ನೋಡಿಕೊಳ್ಳಬೇಕು. ಮಗನ ಆನ್‌ಲೈನ್ ಕ್ಲಾಸು, ನಾನು ತೆಗೆದುಕೊಳ್ಳುವ ಆನ್‌ಲೈನ್ ಕ್ಲಾಸು, ಎರಡೂ ಒಂದೇ ಫೋನಿನಲ್ಲಿ. ಮೈ ಬಗ್ಗಿಸಿದರೆ ಖಿನ್ನತೆ ಬರೋದಿಲ್ಲ ಅನ್ನೋದು ನಿಜ ಆಗಿದ್ದರೆ ನಾನು ಈ ಗುಂಪಿನಲ್ಲೇ ಅತಿ ಸಂತೋಷದ ಹೆಂಗಸಾಗಿರಬೇಕಿತ್ತು. ರಾತ್ರಿ ಪಾತ್ರೆ ತೊಳೆಯುವಾಗ ಅಳು ಬರುತ್ತದೆ ಸತೀಶ.

ಸತೀಶ: ಗೀತಾ, ನಿನ್ನನ್ನು ಉದ್ದೇಶಿಸಿ ಹಾಕಿದ್ದಲ್ಲ.

ಶೈಲಾ: ಗೀತಾ ಹೇಳಿದ್ದರಲ್ಲಿ ತುಂಬಾ ವಿಷಯ ಇದೆ. ನಾನು ಫಿಸಿಯೋಥೆರಪಿ ಮಾಡುವವಳು, ವ್ಯಾಯಾಮ ಬೇಡ ಅಂತ ನನ್ನ ಬಾಯಲ್ಲಿ ಬರೋದಿಲ್ಲ. ಆದರೆ ಎಲ್ಲ ಓಡಾಟವೂ ಮನಸ್ಸಿಗೆ ಒಂದೇ ಥರ ಅಲ್ಲ. ನಮಗೆ ಬೇಕು ಅಂತ ನಡೆಯೋದು, ಆಡೋದು, ಈಜೋದು ಮನಸ್ಸನ್ನು ಹಗುರ ಮಾಡುತ್ತದೆ ಅಂತ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಹೊಟ್ಟೆಪಾಡಿಗೆ ಬೆನ್ನು ಮುರಿಯುವಂತೆ ದುಡಿಯೋದರಲ್ಲಿ ಆ ಲಾಭ ಅಷ್ಟಾಗಿ ಕಾಣುವುದಿಲ್ಲ. ಮೈ ಎಷ್ಟು ಅಲುಗಾಡಿತು ಅನ್ನೋದಷ್ಟೇ ಅಲ್ಲ, ಯಾರ ಇಷ್ಟಕ್ಕೆ ಅಲುಗಾಡಿತು ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ನಾಗರಾಜ: ಹಾಗಾದರೆ ಆಲೂಗಡ್ಡೆ ಬಿತ್ತನೆಗೆ ದಿನವಿಡೀ ಬಗ್ಗುವ ನಮ್ಮಣ್ಣನಿಗೆ ಯಾಕೆ ಇಷ್ಟು ಚಿಂತೆ ಅಂತ ಈಗ ಅರ್ಥ ಆಯಿತು. ಬೆಲೆ ಸಿಗುತ್ತೋ ಇಲ್ಲವೋ ಅನ್ನೋ ಯೋಚನೆ ನಡಿಗೆಯಿಂದ ಹೋಗುತ್ತಾ?

ಸತೀಶ: ನೀವೆಲ್ಲ ನಾನು ಸುಮ್ನೆ ಏನೋ ಕಳಿಸಿದೆ ಅಂದುಕೊಂಡಿದ್ದೀರಿ. ನಾನು ಹುಡುಕಿ ಓದಿದ್ದೇನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನ. ಖಿನ್ನತೆ ಇದ್ದ 156 ಜನ, ಎಲ್ಲರೂ 50 ದಾಟಿದವರು. ಒಂದು ಗುಂಪಿಗೆ ವ್ಯಾಯಾಮ, ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ಎರಡೂ. 16 ವಾರ ಆದ ಮೇಲೆ ಮೂರೂ ಗುಂಪಿನವರು ಹೆಚ್ಚು ಕಡಿಮೆ ಒಂದೇ ಥರ ಸುಧಾರಿಸಿದ್ದರು. ಆಮೇಲೆ ನೋಡಿದಾಗ ವ್ಯಾಯಾಮದವರಲ್ಲಿ ಕಾಯಿಲೆ ಮರುಕಳಿಸಿದ್ದೂ ಕಡಿಮೆ. ಇದಕ್ಕೇನು ಹೇಳುತ್ತೀರಿ?

ಉಷಾ: ಅದು ಒಳ್ಳೆಯ ಅಧ್ಯಯನ ಸತೀಶ, ನಾನೂ ಓದಿದ್ದೇನೆ. ಆದರೆ ಅದು ನಡೆದ ರೀತಿ ನೋಡು. ವಾರಕ್ಕೆ ಮೂರು ಸಲ, ಎಲ್ಲರೂ ಒಂದು ಕಡೆ ಸೇರಿ, ಹೇಳಿಕೊಡುವವರ ಎದುರು ಮಾಡಿದ ವ್ಯಾಯಾಮ ಅದು. ಪಾಲ್ಗೊಂಡವರು ಮಾಡುತ್ತೇವೆ ಅಂತ ತಾವಾಗಿಯೇ ಬಂದವರು. ಮಾತ್ರೆ ತೆಗೆದುಕೊಂಡವರಲ್ಲಿ ಮೊದಲ ವಾರಗಳಲ್ಲಿ ಗುಣ ಬೇಗ ಕಂಡಿತು. ಇದ್ದ ಮಾತ್ರೆಯನ್ನು ಕಸಕ್ಕೆ ಹಾಕಿ ಅಂತ ಆ ವರದಿ ಎಲ್ಲೂ ಹೇಳಿಲ್ಲ. ಅಲ್ಲಿ ಸಿಕ್ಕಿದ್ದರಲ್ಲಿ ನಡಿಗೆಯದ್ದು ಎಷ್ಟು, ನಾಲ್ಕು ಜನರ ಮುಖ ನೋಡಿದ್ದರದ್ದು ಎಷ್ಟು? ಕೊರೊನಾ ನಮ್ಮಿಂದ ಕಿತ್ತುಕೊಂಡದ್ದು ಅದನ್ನೇ ಅಲ್ವಾ?

ಶೈಲಾ: ಹೌದು. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಬರೋದೇ ಮಾತಿಗೆ. ವ್ಯಾಯಾಮ ಒಂದು ನೆಪ.

ಉಷಾ: ಕೊರೊನಾ ಕಾಲದ್ದೇ ಒಂದು ಹೇಳುತ್ತೇನೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮಣಿಕಟ್ಟಿಗೆ ಸಂಶೋಧಕರು ಪಿಡುಗಿಗೆ ಮೊದಲೇ ಹೆಜ್ಜೆ ಎಣಿಸುವ ಫಿಟ್‌ಬಿಟ್ ಕಟ್ಟಿದ್ದರು. ಹಾಗಾಗಿ ಮೊದಲು ಹೇಗಿತ್ತು, ಆಮೇಲೆ ಏನಾಯಿತು, ಎರಡೂ ಅವರ ಹತ್ತಿರ ಇದೆ. ದಿನಕ್ಕೆ ಸುಮಾರು 10,000 ಇದ್ದ ಹೆಜ್ಜೆಗಳು 4,600ಕ್ಕೆ ಇಳಿದವು. ಪರದೆ ನೋಡುವ ಹೊತ್ತು ಎರಡು ಪಟ್ಟು ದಾಟಿ 5 ಗಂಟೆಗಿಂತ ಹೆಚ್ಚಾಯಿತು. ಜನರ ಜೊತೆ ಕಳೆಯುವ ಹೊತ್ತು ಅರ್ಧಕ್ಕಿಂತ ಕೆಳಗೆ ಬಂದು ದಿನಕ್ಕೆ 30 ನಿಮಿಷವೂ ಉಳಿಯಲಿಲ್ಲ. 2020ರ ಮಾರ್ಚ್‌ನಿಂದ ಜುಲೈವರೆಗೆ ಖಿನ್ನತೆಯ ಅಪಾಯದಲ್ಲಿದ್ದವರು ಶೇ. 46ರಿಂದ 61ರ ನಡುವೆ ಇದ್ದರು. ಯಾರ ಓಡಾಟ ಹೆಚ್ಚು ಕೆಟ್ಟಿತೋ ಅವರಲ್ಲೇ ಖಿನ್ನತೆ ಜಾಸ್ತಿ.

ಸತೀಶ: ನೋಡಿದ್ಯಾ! ನಾನು ಹೇಳಿದ್ದೂ ಅದೇ ತಾನೆ.

ಉಷಾ: ಇನ್ನೂ ಇದೆ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ, ಮತ್ತೆ ಹಿಂದಿನಷ್ಟು ನಡೆಯುವಂತೆ ಪ್ರೋತ್ಸಾಹ ಕೊಟ್ಟರು. ಹೆಜ್ಜೆಗಳು ಏರಿದವು. ಮನಸ್ಸಿನ ಸ್ಥಿತಿಯಲ್ಲಿ ಮಾತ್ರ ಗುರುತಿಸುವಂಥ ಬದಲಾವಣೆ ಆಗಲಿಲ್ಲ.

ನಾಗರಾಜ: ಅಂದರೆ?

ಉಷಾ: ನಡೆಯದೇ ಇದ್ದದ್ದರಿಂದ ಮನಸ್ಸು ಕುಗ್ಗಿತೋ, ಮನಸ್ಸು ಕುಗ್ಗಿದ್ದರಿಂದ ನಡೆಯಲು ಆಗಲಿಲ್ಲವೋ, ಕ್ಲಾಸು, ಗೆಳೆಯರು, ಕೆಲಸ ಎಲ್ಲ ಒಟ್ಟಿಗೆ ನಿಂತದ್ದರಿಂದ ಎರಡೂ ಆಯಿತೋ, ಬರೀ ಅಂಕಿ ನೋಡಿ ಹೇಳಲು ಬರುವುದಿಲ್ಲ. ಫಾರ್ವರ್ಡ್ ಮಾಡಿದವರು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದಾರೆ. ನನ್ನ ತಕರಾರು ಇರೋದೇ ಅಲ್ಲಿ. ಖಿನ್ನತೆ ಇರುವವರಿಗೆ ಹಾಸಿಗೆಯಿಂದ ಏಳೋದೇ ಕಷ್ಟ. ಅದು ಕಾಯಿಲೆಯ ಲಕ್ಷಣ. ಆ ಲಕ್ಷಣಕ್ಕೇ ಸೋಮಾರಿತನ ಅಂತ ಹೆಸರಿಟ್ಟರೆ, ಇರೋ ನೋವಿನ ಮೇಲೆ ತಪ್ಪಿತಸ್ಥ ಅನ್ನೋ ಭಾವನೆಯನ್ನೂ ಹೊರಿಸಿದ ಹಾಗೆ.

ಸತೀಶ: ಒಂದು ಮಾತು. ಪಿಟ್ಸ್‌ಬರ್ಗ್‌ನವರು ಸ್ವಲ್ಪ ದಿನ ಮಾತ್ರ ಮಾಡಿಸಿದ್ದು. ಡ್ಯೂಕ್‌ನಲ್ಲಿ 16 ವಾರ. ಮನಸ್ಸು ಅಷ್ಟು ಬೇಗ ತಿರುಗುತ್ತದಾ?

ಉಷಾ: ಇದು ಸರಿಯಾದ ಪ್ರಶ್ನೆ. ಅವಧಿ ಚಿಕ್ಕದು ಅನ್ನೋದು ನಿಜ. ಅದು 20ರ ಆಸುಪಾಸಿನ ವಿದ್ಯಾರ್ಥಿಗಳ ಮಾತು, ನಮ್ಮ ವಯಸ್ಸಿನವರದ್ದಲ್ಲ ಅನ್ನೋದನ್ನೂ ಸೇರಿಸು. ಹೀಗೆಯೇ ವಾದ ಮಾಡಬೇಕು. ಆದರೆ ಇದರಿಂದ "ನಡೆಯುವವರಿಗೆ ಖಿನ್ನತೆ ಬರುವುದೇ ಇಲ್ಲ" ಅನ್ನೋ ಸಾಲು ನಿಜ ಆಗೋದಿಲ್ಲ.

ಮೋಹನ: ಲಂಡನ್‌ನಿಂದ ನನ್ನದೊಂದು. ಕಳೆದ ವರ್ಷ ಮಾರ್ಚ್ 23ಕ್ಕೆ ಇಲ್ಲಿ ಲಾಕ್‌ಡೌನ್ ಹೇಳಿದಾಗ ಮನೆಯಿಂದ ಹೊರಗೆ ಬರಲು ಒಪ್ಪಿದ ಕೆಲವೇ ಕಾರಣಗಳಲ್ಲಿ ದಿನಕ್ಕೊಂದು ಸಲ ವ್ಯಾಯಾಮವೂ ಇತ್ತು. ಫ್ರಾನ್ಸ್‌ನಲ್ಲಿ ಮನೆಯಿಂದ 1 ಕಿಲೋಮೀಟರ್ ಒಳಗೆ, ಒಂದು ಗಂಟೆ. ಸ್ಪೇನ್‌ನಲ್ಲಿ ಅದೂ ಇರಲಿಲ್ಲ, ಮೇ 2ರವರೆಗೆ ದೊಡ್ಡವರು ವ್ಯಾಯಾಮಕ್ಕೆ ಅಂತ ಹೊರಗೆ ಬರುವ ಹಾಗೇ ಇರಲಿಲ್ಲ. ಆ ಒಂದು ಸಲದ ವಾಕ್ ಇಲ್ಲದಿದ್ದರೆ ನಾನು ಈ ಒಂದು ಕೋಣೆಯ ಮನೆಯಲ್ಲಿ ಹೇಗೆ ಇರುತ್ತಿದ್ದೆನೋ. ಇದು ಬರೀ ನಮ್ಮ ಮನಸ್ಸಿನ ಗಟ್ಟಿತನದ ವಿಷಯ ಅಲ್ಲ, ನಿಯಮ ಹೇಗಿತ್ತು ಅನ್ನೋದೂ ಇದೆ.

ನಾಗರಾಜ: ಇದನ್ನೇ ನಾನು ಹೇಳುತ್ತಿರೋದು. ಗೇಟು ಹಾಕಿ ನಡೆಯಿರಿ ಅಂದರೆ ಎಲ್ಲಿ ನಡೆಯಬೇಕು?

ಸತೀಶ: ಸೋಂಕು ಆ ಮಟ್ಟಕ್ಕೆ ಏರಿದಾಗ ಏನು ಮಾಡಬೇಕಿತ್ತು ನಾಗ? ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೆಡ್ ಸಿಗದೆ ಜನ ಒದ್ದಾಡಿದ್ದು ನೆನಪಿಲ್ವಾ?

ನಾಗರಾಜ: ನೆನಪಿದೆ. ನಮ್ಮ ಚಿಕ್ಕಪ್ಪ ಹೋದದ್ದೇ ಆಗ. ಆದರೂ ಕೇಳುತ್ತೇನೆ. ದಿನಸಿ ಅಂಗಡಿ ಮುಂದೆ ಎಲ್ಲರೂ ಒಂದೇ ಹೊತ್ತಿಗೆ ಒತ್ತೊತ್ತಾಗಿ ನಿಂತಿದ್ದಕ್ಕಿಂತ, ಮಾಸ್ಕ್ ಹಾಕಿಕೊಂಡು ಒಬ್ಬೊಬ್ಬರೇ ಬಯಲಲ್ಲಿ ನಡೆಯೋದು ಅಪಾಯವಾ?

(ಇದಕ್ಕೆ ಅವತ್ತು ಯಾರೂ ಉತ್ತರ ಕೊಡಲಿಲ್ಲ. ನಾಗರಾಜನ ಪ್ರಶ್ನೆ ನ್ಯಾಯವಾದದ್ದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಮುಂದಿನ ಸಲ ಇಂಥ ಕಾಲ ಬಂದರೆ ಬಯಲು ಜಾಗಗಳನ್ನು ಮೊದಲು ತೆರೆಯಬೇಕು, ಕೊನೆಗೆ ಮುಚ್ಚಬೇಕು.)

ರವಿ: ನಾನು ಇಷ್ಟೊತ್ತೂ ಓದುತ್ತಿದ್ದೆ. ಬರೆಯಬೇಕೋ ಬೇಡವೋ ಅಂತ ಇತ್ತು. ಬರೆದೇ ಬಿಡುತ್ತೇನೆ. ನಾನು ಕಳೆದ ಅಕ್ಟೋಬರ್‌ನಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸತೀಶ ಹೇಳಿದ ಕಸದ ಬುಟ್ಟಿ ಮಾತ್ರೆ. ಕೆಲಸ ಹೋದ ಮೇಲೆ ನಿದ್ದೆ ಹೋಯಿತು, ಆಮೇಲೆ ಎಲ್ಲವೂ ಹೋದ ಹಾಗಾಯಿತು. ಮಾತ್ರೆ ಶುರು ಮಾಡಿದ ಮೇಲೆ ಮನುಷ್ಯನಾದೆ. ಮೇ ತಿಂಗಳಲ್ಲಿ ಕೊರೊನಾ ಬಂತು. ಈಗ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇದೇ ಸಂದೇಶವನ್ನು ಬೆಳಗ್ಗೆ ನಮ್ಮ ಭಾವನೂ ಕಳಿಸಿದ್ದರು, ನನಗೊಬ್ಬನಿಗೇ.

ಗೀತಾ: ರವಿ, ಇಷ್ಟು ದಿನ ಒಂದು ಮಾತು ಹೇಳಬಾರದಿತ್ತಾ?

ಸತೀಶ: ರವಿ, ಫೋನ್ ಮಾಡುತ್ತೇನೆ ಈಗಲೇ.

ರವಿ: ಈಗ ಬೇಡ ಸತೀಶ, ನಾಳೆ ಮಾಡು. ನನಗೆ ಕೋಪ ಇಲ್ಲ. ನೀನು ಒಳ್ಳೆಯದಕ್ಕೇ ಹಾಕಿದ್ದೀಯ ಅಂತ ಗೊತ್ತು. ಆದರೆ ಬೆಳಗ್ಗೆ ಅದನ್ನು ಓದಿ ನಿಜವಾಗಿಯೂ ಮಾತ್ರೆ ಡಬ್ಬಿ ಕೈಯಲ್ಲಿ ಹಿಡಿದು ಕೂತಿದ್ದೆ. ನಾನು ನಡೆಯದೇ ಇದ್ದದ್ದಕ್ಕೆ ಇದೆಲ್ಲ ಆಯಿತಾ ಅಂತ.

ಶೈಲಾ: ರವಿ, ಗಮನವಿಟ್ಟು ಓದು. ಆ ಮಾತ್ರೆಗಳನ್ನು ಇದ್ದಕ್ಕಿದ್ದ ಹಾಗೆ ನಿಲ್ಲಿಸಬಾರದು. ತಲೆ ಸುತ್ತು, ನಿದ್ದೆ ಕೆಡೋದು, ಚಡಪಡಿಕೆ ಬರಬಹುದು, ಕಾಯಿಲೆಯೂ ಮರಳಬಹುದು. ಕಡಿಮೆ ಮಾಡೋದಿದ್ದರೆ ಕೊಟ್ಟ ಡಾಕ್ಟರೇ ನಿಧಾನವಾಗಿ ಮಾಡುತ್ತಾರೆ. ಇನ್ನೊಂದು, ಕೊರೊನಾ ಆದವರಿಗೆ ದಿನಕ್ಕೆ 30 ನಿಮಿಷದ ನಿಯಮ ಅನ್ವಯ ಆಗೋದೇ ಇಲ್ಲ. ಇದೇ ಜನವರಿಯಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಕನಿಷ್ಠ 7 ದಿನ ಯಾವ ಲಕ್ಷಣವೂ ಇಲ್ಲದೆ ಕಳೆದ ಮೇಲೆ ಶುರು ಮಾಡಬೇಕು. ಮೊದಲ ಎರಡು ವಾರ ತೀರಾ ಹಗುರವಾದದ್ದು ಮಾತ್ರ. ಎದೆನೋವು, ಎದೆ ಡವಡವ, ಉಸಿರಾಟದ ತೊಂದರೆ ಇದ್ದರೆ ಮೊದಲು ಡಾಕ್ಟರ್, ಆಮೇಲೆ ನಡಿಗೆ. ನಿನಗೆ ಏದುಸಿರು ಬರುತ್ತಿದೆ ಅಂದೆ. ಅದನ್ನು ತೋರಿಸಲೇಬೇಕು.

ಉಷಾ: ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಬೇರೆ ಬೇರೆ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಸಿಗದೇ ಇರುವವರು ಶೇ. 70ರಿಂದ 92. ಅಂದರೆ ರವಿಯ ಹಾಗೆ ಧೈರ್ಯ ಮಾಡಿ ಡಾಕ್ಟರ್ ಹತ್ತಿರ ಹೋದವರೇ ಕೆಲವೇ ಜನ. ಅವರನ್ನೂ ವಾಪಸ್ ಕಳಿಸುವ ಸಾಲು ಇದು. ಯಾರಿಗಾದರೂ ಬೇಕಾದರೆ ನಿಮ್ಹಾನ್ಸ್ ಸಹಾಯವಾಣಿ ಇದೆ, 080-46110007.

(ಇದು ಆಗಿನ ನಂಬರು. ಈಗ 14416ಕ್ಕೆ ಮಾಡಿ. ಟೆಲಿ ಮಾನಸ್ ಅಂತ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಉಚಿತ, ಕನ್ನಡದಲ್ಲೇ ಮಾತಾಡಬಹುದು.)

ಸತೀಶ: ಮಾತ್ರೆಯ ಸಾಲು, "ಬರುವುದೇ ಇಲ್ಲ" ಅನ್ನೋ ಸಾಲು ಎರಡನ್ನೂ ತೆಗೆದು ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಮತ್ತೆ ಹಾಕುತ್ತೇನೆ. ಆದರೆ ನಡೆಯಿರಿ ಅನ್ನೋದನ್ನು ಬಿಡೋದಿಲ್ಲ. ನನಗೆ ಅದರಿಂದ ಒಳ್ಳೆಯದಾಗಿದೆ.

ಶೈಲಾ: ಬಿಡಬೇಡ. ವಿಶ್ವ ಆರೋಗ್ಯ ಸಂಸ್ಥೆ ಕಳೆದ ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿ ತಂದಿದೆ. ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥದ್ದು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವಂಥದ್ದು. ಮುಂಚೆ ಒಂದೇ ಸಲಕ್ಕೆ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಅಂತಿತ್ತು. ಅದನ್ನು ತೆಗೆದಿದ್ದಾರೆ. ಐದು ನಿಮಿಷವೂ ಲೆಕ್ಕವೇ. ಬೆಳಗಿನ ಬೆಳಕಿಗೆ ಮೈ ಒಡ್ಡಿದರೆ ರಾತ್ರಿ ನಿದ್ದೆಯ ಹೊತ್ತೂ ಸರಿಹೋಗುತ್ತದೆ. ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು.

ಗೀತಾ: ಐದು ನಿಮಿಷ ಸಿಗಬೇಕಾದರೆ ಅಷ್ಟು ಹೊತ್ತು ಒಲೆ ಮುಂದೆ ಬೇರೆ ಯಾರಾದರೂ ನಿಲ್ಲಬೇಕು. ಇದನ್ನೂ ಆ ಸಂದೇಶಕ್ಕೆ ಸೇರಿಸು ಸತೀಶ. ಗಂಡಸರೇ ಜಾಸ್ತಿ ಇರುವ ಗುಂಪುಗಳಿಗೆ ಕಳಿಸು.

ಸತೀಶ: ಸೇರಿಸುತ್ತೇನೆ.

ನಾಗರಾಜ: ಸೋಮಾರಿತನ ಅನ್ನೋದನ್ನೂ ತೆಗಿ. ಅದನ್ನು ತೆಗೆಯುವವರೆಗೂ ನಾನು ಒಪ್ಪೋದಿಲ್ಲ. ರವಿ, 21ಕ್ಕೆ ಇಲ್ಲೂ ಬಿಡುತ್ತಾರೆ ಅಂತಿದ್ದಾರೆ. ಬಿಟ್ಟರೆ ನಿಮ್ಮನೆ ಕಡೆ ಬರುತ್ತೇನೆ. ನಡೆಯೋದು ಆಮೇಲೆ, ಮೊದಲು ಕಟ್ಟೆ ಮೇಲೆ ಕೂತು ಮಾತಾಡೋಣ.

ರವಿ: ಬಾ.

ಶೈಲಾ: ರವಿ, ನಾಳೆ ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿ ಉಸಿರಿನ ವಿಷಯ ಹೇಳು. ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಈಗಲೇ ನೋಡಿ ನನಗೆ ಮೆಸೇಜ್ ಮಾಡು, ನಾನು ಎದ್ದಿರುತ್ತೇನೆ. ರಾತ್ರಿ ಮಾತ್ರೆ ತೆಗೆದುಕೊಂಡೆಯಾ?

ರವಿ: ಊಟ ಆದ ಮೇಲೆ ತೆಗೆದುಕೊಂಡೆ. ಆಕ್ಸಿಮೀಟರ್ ಅಕ್ಕನ ಮನೆಯಲ್ಲಿದೆ, ತರಿಸುತ್ತೇನೆ.