ಟ್ಯಾಂಕಿನ ಅಲ್ಟ್ರಾಸಾನಿಕ್ ಸೆನ್ಸರ್ ಯಾವಾಗಲೂ 3 ಸೆಂ.ಮೀ. ತೋರಿಸುತ್ತಿದೆ

ಪ್ರಶ್ನೆ (ಕೋಥ್ರೂಡ್, ಪುಣೆ):
ಸೊಸೈಟಿ ಟೆರೇಸಿನ ಟ್ಯಾಂಕಿಗೆ ಎಚ್‌ಸಿ-ಎಸ್‌ಆರ್‌04 ಸೆನ್ಸರ್ ಹಾಕಿದ್ದೇನೆ; ಅದು ಶಬ್ದ ಕಳಿಸಿ, ಎಕೋ (ಪ್ರತಿಧ್ವನಿ) ಮರಳುವ ಸಮಯದಿಂದ ನೀರಿನವರೆಗಿನ ದೂರ ಅಳೆಯುತ್ತದೆ. ಮಳೆಗಾಲದ ತೇವ ತಾಗದಿರಲೆಂದು 3 ಮಿ.ಮೀ. ಅಕ್ರಿಲಿಕ್ ಡಬ್ಬಿಯೊಳಗಿದೆ. ಟ್ಯಾಂಕ್ ತುಂಬಿರಲಿ, ಖಾಲಿಯಿರಲಿ, 3 ಸೆಂ.ಮೀ. ಅಂತಲೇ ಬರುತ್ತದೆ. ಡಬ್ಬಿ ತೆಗೆದರೆ ಸರಿಹೋಗುತ್ತದೆ. ಕೋಡಿನಲ್ಲಿ ಏನಾದರೂ ಬದಲಿಸಬೇಕೇ?

ಉತ್ತರ (ಡೊಂಬಿವಲಿ):
ಕೋಡ್ ಮುಟ್ಟಬೇಡಿ ಸರ್, ಸೆನ್ಸರ್ ಸರಿಯಾಗಿಯೇ ಅಳೆಯುತ್ತಿದೆ. ಅದು ಅಳೆಯುತ್ತಿರುವುದು ನಿಮ್ಮ ಡಬ್ಬಿಯನ್ನು. ಎಕೋ ಪಲ್ಸ್ (ಶಬ್ದ ಹೋಗಿಬಂದ ಸಮಯ) ನೋಡಿ, ಸುಮಾರು 175 ಮೈಕ್ರೋಸೆಕೆಂಡ್ ಇರುತ್ತದೆ. ಪ್ರತಿ ಸೆಂ.ಮೀ.ಗೆ 58ರಂತೆ ಭಾಗಿಸಿದರೆ 3 ಸೆಂ.ಮೀ.

ಗಾಳಿಯಿಂದ ನೀರಿಗೆ ಹೋಗುವಾಗ 40 ಕಿಲೋಹರ್ಟ್ಸ್ ಶಬ್ದದ ಶಕ್ತಿಯಲ್ಲಿ ಶೇ. 0.1ರಷ್ಟೇ ಒಳಗೆ ಇಳಿಯುತ್ತದೆ, ಉಳಿದದ್ದೆಲ್ಲ ವಾಪಸ್. ನೀರಿನ ಮಟ್ಟ ಸಿಗುವುದೇ ಇದರಿಂದ. ಅಕ್ರಿಲಿಕ್ ಹಾಳೆಯೂ ಹಾಗೆಯೇ ಹಿಂದಕ್ಕೆ ತಳ್ಳುತ್ತದೆ. 3 ಮಿ.ಮೀ. ಹಾಳೆ ಚದರ ಮೀಟರಿಗೆ 3.6 ಕಿಲೋ ತೂಗುತ್ತದೆ. ಅದನ್ನು ಅಲುಗಾಡಿಸಿ ಆಚೆ ಹೋಗುವಷ್ಟರಲ್ಲಿ 60 ಡೆಸಿಬೆಲ್ ನಷ್ಟ, ಅಂದರೆ 10 ಲಕ್ಷದಲ್ಲಿ ಒಂದು ಪಾಲು ದಾಟುತ್ತದೆ. ಮರಳಿ ಬರುವಾಗ ಮತ್ತೆ ಅಷ್ಟೇ. ವೋಲ್ಟೇಜ್ ಏರಿಸಿ ಗೆಲ್ಲುವ ನಷ್ಟವಲ್ಲ ಇದು.

ಪ್ರಶ್ನೆ ಕೇಳಿದವರು:
ಹಾಗಾದರೆ ಕಿಂಡಿ ಕೊರೆದು ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಅಂಟಿಸಿದರೆ?

ಉತ್ತರ (ಡೊಂಬಿವಲಿ):
ಒಣಗಿದ್ದಾಗ ನಡೆಯಬಹುದು. 10 ಮೈಕ್ರಾನ್ ಫಿಲ್ಮಿಗೆ ಒಮ್ಮೆ ದಾಟಲು ಸುಮಾರು 10 ಡೆಸಿಬೆಲ್ ಹೋಗುತ್ತದೆ, ಹೋಗಿಬರಲು 20. ಹತ್ತಿರದ ನೀರು ಸಿಕ್ಕೀತು. ಆದರೆ ಟ್ಯಾಂಕಿನ ಆವಿ ಅದರ ಕೆಳಗೆ ಹನಿಗಟ್ಟುತ್ತದೆ. 0.1 ಮಿ.ಮೀ. ನೀರಿನ ಪದರವೇ ಒಂದು ಸಲಕ್ಕೆ 30 ಡೆಸಿಬೆಲ್ ನುಂಗುತ್ತದೆ. ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿಹೋಗುವ ರೀಡಿಂಗ್ ಬಂದರೆ ಕಾರಣ ಇದೇ.

ಉತ್ತರ (ಮಡಗಾಂವ್):
ಇದೇ ಬೋರ್ಡ್ ಉಳಿಸಿಕೊಳ್ಳುವುದಾದರೆ ಶಬ್ದ ಕಳಿಸುವ, ಕೇಳುವ ಎರಡೂ ದುಂಡು ಕ್ಯಾನ್‌ಗಳನ್ನು ಡಬ್ಬಿಯ ತಳದಿಂದ ಹೊರಗೆ ತನ್ನಿ. ಕ್ಯಾನ್ ವ್ಯಾಸ 16 ಮಿ.ಮೀ., ತೂತು 18 ಮಿ.ಮೀ. ಇರಲಿ, ಸುತ್ತ 1 ಮಿ.ಮೀ. ಫೋಮ್ ಪಟ್ಟಿ ಸುತ್ತಿ. ಬಿಗಿಯಾಗಿ ಪ್ಲಾಸ್ಟಿಕ್‌ಗೆ ಒತ್ತಿದರೆ ಕಂಪನ ಡಬ್ಬಿಯ ಮೂಲಕವೇ ರಿಸೀವರಿಗೆ ತಲುಪಿ ಮತ್ತೆ ಸುಳ್ಳು ಎಕೋ. ಕ್ಯಾನ್ ಮುಖ ತೂತಿನೊಳಗೆ ತಗ್ಗಿನಲ್ಲೂ ಉಳಿಯಬಾರದು.

ಆದರೂ ಆವಿಗೆ ಕ್ಯಾನ್ ಮುಖದ ತೆರೆದ ಜಾಲರಿ ಬಾಳುವುದಿಲ್ಲ. ನನ್ನ ಆಯ್ಕೆ ನೀರು ತಾಗದಂತೆ ಮುಖ ಮುಚ್ಚಿದ ಸೆನ್ಸರ್ ಜೆಎಸ್‌ಎನ್-ಎಸ್‌ಆರ್‌04ಟಿ. ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರು:
ಅದರ ಮುಖವೂ ಮುಚ್ಚಿಯೇ ಇರುತ್ತದಲ್ಲ, ಶಬ್ದ ಹೇಗೆ ದಾಟುತ್ತದೆ?

ಉತ್ತರ (ಮಡಗಾಂವ್):
ದಾಟುವುದೇ ಇಲ್ಲ. ವಿದ್ಯುತ್ ಕೊಟ್ಟರೆ ಕಂಪಿಸುವ ಪೀಜೋ ಬಿಲ್ಲೆ ಆ ತೆಳು ಅಲ್ಯೂಮಿನಿಯಂ ಮುಖದ ಹಿಂಬದಿಗೆ ಅಂಟಿರುತ್ತದೆ, ಆ ಮುಖವೇ ಕಂಪಿಸಿ ಶಬ್ದ ಹೊರಡಿಸುತ್ತದೆ. ಹಾಗಾಗಿ ಮುಖಕ್ಕೆ ಪೇಂಟ್, ಸಿಲಿಕೋನ್ ಬಳಿಯಬೇಡಿ, ಟ್ಯೂನಿಂಗ್ ತಪ್ಪುತ್ತದೆ. 25 ಸೆಂ.ಮೀ.ಗಿಂತ ಹತ್ತಿರದ್ದು ಅದಕ್ಕೆ ಕಾಣದು, ಆದ್ದರಿಂದ ಓವರ್‌ಫ್ಲೋ ಪೈಪಿನ ಮಟ್ಟದಿಂದ 30 ಸೆಂ.ಮೀ. ಮೇಲಿರಲಿ. ಮುಚ್ಚಳದಲ್ಲಿ ಅಷ್ಟು ಎತ್ತರ ಸಿಗದಿದ್ದರೆ ಅಗಲವಾದ ಪಿವಿಸಿ ಪೈಪಿನ ತುಂಡನ್ನು ನಿಲ್ಲಿಸಿ ಅದರ ತುದಿಗೆ ಕೂರಿಸಿ.