ಅರ್ಧ ಪಾಲಿನ ಕಾರು, ಪೂರ್ತಿ ಜಗಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬ, ಮದುವೆಯ ಕರೆಯೋಲೆ, ಶುಭೋದಯದ ದಾಸವಾಳ ಇಷ್ಟನ್ನು ಬಿಟ್ಟರೆ ಬೇರೇನೂ ಓಡಾಡುವುದಿಲ್ಲ. ಈ ವಾರ ಮಾತ್ರ ಕಿಡಿ ಹಾರಿತು. ಕ್ಯಾಲಿಫೋರ್ನಿಯಾದಲ್ಲಿರುವ ಸನ್ನಿವೇಲ್‌ನ ಅಣ್ಣ, ಫ್ರೀಮಾಂಟ್‌ನ ಭಾವ ಇಬ್ಬರೂ ಸೇರಿ ಕೊಂಡಿರುವ 1972ರ ಪೋರ್ಷೆ 911 ಟಿ ಅದಕ್ಕೆ ಕಾರಣ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ನಡುನಡುವೆ ಕಿಡಿ ತಪ್ಪಿ ಎಡವುತ್ತಿದೆ ಎಂದು ಅಣ್ಣ ತಿಂಗಳಿನಿಂದ ಗೊಣಗುತ್ತಿದ್ದ. ಸಂಬಂಧವಿಲ್ಲದ ದಾಸವಾಳಗಳನ್ನು ಕಿತ್ತುಹಾಕಿ ಉಳಿದದ್ದನ್ನು ಕೆಳಗೆ ಕೊಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ನಂಟಷ್ಟೇ ಸಾಕು.

ಅಣ್ಣ: (ಚಿತ್ರ) ಇದು ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್, ಸಿಲಿಂಡರುಗಳ ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಸಾಧನ. ಒಳಗೆ ತೆರೆದು ಮುಚ್ಚುವ ಸ್ವಿಚ್ಚಿನಂಥ ಪಾಯಿಂಟ್ ಇಲ್ಲ, ವೇಗಕ್ಕೆ ತಕ್ಕಂತೆ ಕಿಡಿಯ ಹೊತ್ತು ಬದಲಿಸುವ ತೂಕ ಮತ್ತು ಸ್ಪ್ರಿಂಗ್ ಇಲ್ಲ. ಕಿಡಿ ಎಷ್ಟು ಮುಂಚೆ ಹಾರಬೇಕೆಂದು ಮೊಬೈಲ್‌ನಿಂದಲೇ ಹೇಳಬಹುದು. ಭಾವ, ನಿಮ್ಮ ಪಾಲು ಕಳುಹಿಸಿದರೆ ಇವತ್ತೇ ತರಿಸುತ್ತೇನೆ.

ಭಾವ: ಕಳುಹಿಸುವುದಿಲ್ಲ. 1972ರ ಮಾದರಿ ಎಂದರೇನು ಗೊತ್ತೇ? ಬಲಗಡೆ ಹಿಂಬದಿಯಲ್ಲಿ ಎಂಜಿನ್ ಎಣ್ಣೆ ತುಂಬಲು ಹೊರಗಿನಿಂದಲೇ ಬಾಗಿಲು ಕೊಟ್ಟ ಒಂದೇ ವರ್ಷ ಅದು. ಅಂಥ ಕಾರಿಗೆ ಮೊಬೈಲ್ ಕಟ್ಟುತ್ತೀಯಾ?

ಅಣ್ಣ: ಎಣ್ಣೆಯ ಬಾಗಿಲನ್ನು ನಾನು ಮುಟ್ಟುವುದಿಲ್ಲ, ಭಾವ. 50 ವರ್ಷ ಹಳೆಯ ಪಾಯಿಂಟ್ ನಂಬಿಕೊಂಡು ಎಷ್ಟು ದಿನ ಓಡಿಸುವುದು?

ಮೈಸೂರು ದೊಡ್ಡಪ್ಪ: ಪಾಯಿಂಟ್ ಎಂದರೆ ಕೊಳೆ ಹಿಡಿಯುತ್ತದೆ. ನನ್ನ ಯೆಜ್ಡಿಯಲ್ಲಿ ಎಮರಿ ಕಾಗದದಿಂದ ಒಮ್ಮೆ ಉಜ್ಜಿದರೆ ಮುಗಿಯಿತು. ಇದಕ್ಕೆ ಅಮೆರಿಕದಲ್ಲಿ ಸಾವಿರಾರು ರೂಪಾಯಿ ಏಕೆ?

ಅಕ್ಕ: ರೂಪಾಯಿ ಅಲ್ಲ ದೊಡ್ಡಪ್ಪ, ಡಾಲರ್.

ಇಷ್ಟರಲ್ಲಿ ಅತ್ತೆ ಒಂದು ಸುವಿಚಾರ ಹಾಕಿದರು. ಯಾರೂ ಓದಲಿಲ್ಲ. ಅಲ್ಲಿಗೆ ಬೆಂಗಳೂರಿನ ಚಿಕ್ಕಪ್ಪ ಬಂದರು. ಅವರು ಆಡುಗೋಡಿಯ ಮೈಕೊ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್‌ಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಅವರ ಬಾಯಲ್ಲಿ ಇಂದಿಗೂ ಮೈಕೊ.

ಚಿಕ್ಕಪ್ಪ: ಮೈಸೂರಣ್ಣ, ನಿನ್ನ ಯೆಜ್ಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯೆಜ್ಡಿಯಲ್ಲಿ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್‌ನ ಕರೆಂಟೆಲ್ಲ ಪಾಯಿಂಟ್ ಮೂಲಕವೇ ಹರಿಯುತ್ತದೆ, ಅದಕ್ಕೇ ಸುಡುತ್ತದೆ. ಈ ಕಾರಿನಲ್ಲಿ ಪಾಯಿಂಟ್ ಬರೀ ಸನ್ನೆ ಕೊಡುತ್ತದೆ. 1969ರ ಮಾದರಿಯಿಂದಲೇ ಪೋರ್ಷೆಯವರು ಬಾಷ್‌ನ ಕೆಪಾಸಿಟರ್ ಇಗ್ನಿಷನ್, ಅಂದರೆ ಕರೆಂಟನ್ನು ಕೂಡಿಟ್ಟು ಕಿಡಿ ಹಾರಿಸುವ ವ್ಯವಸ್ಥೆ ಹಾಕಿದ್ದಾರೆ. ಎಂಜಿನ್ ಕೋಣೆಯ ಎಡಮೂಲೆಯಲ್ಲಿ ಒಂದು ಲೋಹದ ಪೆಟ್ಟಿಗೆ ಇರಬೇಕು. ಕೀ ತಿರುಗಿಸಿದರೆ ಸಣ್ಣಗೆ ಕೀರಲು ಸದ್ದು ಬರುತ್ತದೆಯೇ?

ಅಣ್ಣ: ಬರುತ್ತದೆ. ಅದು ಪೆಟ್ರೋಲ್ ಪಂಪ್ ಎಂದುಕೊಂಡಿದ್ದೆ.

ಚಿಕ್ಕಪ್ಪ: ಪಂಪಿನ ಸದ್ದು ಬೇರೆ. ಆ ಪೆಟ್ಟಿಗೆ 12 ವೋಲ್ಟನ್ನು 400ರ ಆಸುಪಾಸಿಗೆ ಏರಿಸಿ ಕೆಪಾಸಿಟರ್‌ನಲ್ಲಿ ತುಂಬಿಡುತ್ತದೆ. ಪಾಯಿಂಟ್ ತೆರೆದ ಕ್ಷಣ ಅಷ್ಟನ್ನೂ ಕಾಯಿಲ್‌ಗೆ ಸುರಿಯುತ್ತದೆ. ವೋಲ್ಟೇಜ್ ಥಟ್ಟನೆ ಏರುವುದರಿಂದ ಮಸಿ ಹಿಡಿದ ಪ್ಲಗ್ ಕೂಡ ಕಿಡಿ ಕೊಡುತ್ತದೆ. ಹಳೆಯ 911 ಎಸ್ ಕಾರುಗಳು ಪೇಟೆಯಲ್ಲಿ ನಿಧಾನವಾಗಿ ಓಡಿಸಿದರೆ ಪ್ಲಗ್ ಕರಿದು ಮಾಡಿಕೊಂಡು ನಿಲ್ಲುತ್ತಿದ್ದವು, ಅದಕ್ಕೆ ಕಂಡುಕೊಂಡ ಮದ್ದು ಇದು. ಅಂದರೆ ಮರಿ, ನಿನ್ನ ಕಾರಿನ ಇಗ್ನಿಷನ್ ಆಗಲೇ ಎಲೆಕ್ಟ್ರಾನಿಕ್. ಇನ್ನು ಪೆಟ್ಟಿಗೆ ಬಿಚ್ಚಲು ಹೋಗಬೇಡ. ಕೀ ತೆಗೆದ ಮೇಲೂ ಅದು ಶಾಕ್ ಹೊಡೆಯಬಲ್ಲದು.

ನಾನು: ಹಾಗಾದರೆ ಅಣ್ಣ ಹೇಳುವ ಮೇಲ್ದರ್ಜೆ ಯಾವುದಕ್ಕೆ?

ನನ್ನ ಪ್ರಕಾರ ಇಡೀ ಜಗಳದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ. ಉಳಿದವರೆಲ್ಲ ಹೊಸದು ಒಳ್ಳೆಯದೋ ಹಳೆಯದು ಒಳ್ಳೆಯದೋ ಎಂದು ಗುದ್ದಾಡುತ್ತಿದ್ದರು. ಕೆಟ್ಟಿರುವುದು ಯಾವುದು ಎಂದು ಯಾರೂ ನೋಡಿರಲಿಲ್ಲ.

ಅಣ್ಣ: ಸರಿ, ಪೆಟ್ಟಿಗೆ ಇರಲಿ. ಪಾಯಿಂಟ್ ಸುಡದಿದ್ದರೂ ಸವೆಯುತ್ತದಲ್ಲ?

ಚಿಕ್ಕಪ್ಪ: ಪಾಯಿಂಟಿನ ಬಾಯಿ ಸವೆಯುವುದಿಲ್ಲ. ತಿರುಗುವ ಉಬ್ಬಿನ (ಕ್ಯಾಮ್) ಮೇಲೆ ಉಜ್ಜುವ ಅದರ ಹಿಮ್ಮಡಿ ಸವೆಯುತ್ತದೆ. ಆಗ ಅಂತರ ಕಡಿಮೆಯಾಗಿ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ. ಗ್ರೀಸ್ ಹಚ್ಚಿದ್ದು ಯಾವಾಗ?

ಅಣ್ಣ: ಗ್ರೀಸ್?

ಭಾವ: (ಕೈಮುಗಿದ ಗುರುತು)

ಸ್ಟಟ್‌ಗಾರ್ಟ್ ತಂಗಿ: ಅಣ್ಣ, ನಿನ್ನ ಪಟ್ಟಿಯಲ್ಲಿ ಎರಡು ಪ್ಲಗ್‌ನ ಯೋಜನೆಯೂ ಇತ್ತಲ್ಲ? ಅದನ್ನು ಇಲ್ಲಿ ಯಾರಿಗೂ ಹೇಳಲಿಲ್ಲವೇಕೆ?

ಅಣ್ಣ: ಅದು ನಿನ್ನೊಬ್ಬಳಿಗೆ ಹೇಳಿದ್ದು.

ದೊಡ್ಡಪ್ಪ: ಒಂದು ಸಿಲಿಂಡರಿಗೆ ಎರಡು ಪ್ಲಗ್ಗೇ? ಮೊಮ್ಮಗನ ಪಲ್ಸರ್‌ನಲ್ಲಿ ಇದೆ. ಪೋರ್ಷೆಯಲ್ಲಿ ಇಲ್ಲವೇ?

ತಂಗಿ: ಇದೆ ದೊಡ್ಡಪ್ಪ, ಆದರೆ ಬೇಕಾದ ಕಡೆ ಮಾತ್ರ. ರೇಸಿನ 906ರಲ್ಲಿ ಆರು ಸಿಲಿಂಡರಿಗೆ 12 ಪ್ಲಗ್ ಇದ್ದವು. ರಸ್ತೆಯ 911ಕ್ಕೆ ಬಂದದ್ದು 964 ಮಾದರಿಯಲ್ಲಿ. ಅದರ ಸಿಲಿಂಡರಿನ ಅಗಲ 100 ಮಿಲಿಮೀಟರ್. ಅಷ್ಟು ಅಗಲದಲ್ಲಿ ಒಂದು ಬದಿಯಿಂದ ಹೊರಟ ಬೆಂಕಿ ಇನ್ನೊಂದು ಬದಿ ಮುಟ್ಟಲು ಹೊತ್ತು ಬೇಕು. ಎರಡು ಕಡೆ ಹಚ್ಚಿದರೆ ಕಿಡಿಯನ್ನು ಅಷ್ಟು ಮುಂಚೆ ಕೊಡಬೇಕಾಗಿಲ್ಲ. ಅಣ್ಣನ ಕಾರಿನದು 84 ಮಿಲಿಮೀಟರ್, ಗಾಳಿ-ಇಂಧನವನ್ನು ಒತ್ತುವ ಅನುಪಾತ ಬರೀ 7.5ಕ್ಕೆ 1. ಅದಕ್ಕಾಗಿ ಸಿಲಿಂಡರ್ ಹೆಡ್‌ಗಳನ್ನು ಬಿಚ್ಚಿ ಹೊಸ ತೂತು ಕೊರೆಸುವುದು ಹುಚ್ಚು.

ಭಾವ: ತೂತು ಕೊರೆಸುವ ಯೋಜನೆ ಇತ್ತೇ?

ಅಕ್ಕ: ನಾನು ಈ ಗುಂಪಿನಿಂದ ಹೊರಗೆ ಹೋಗಲೇ?

ತಂಗಿ: ಇನ್ನೂ ಕೇಳಿ. 964ರಲ್ಲಿ ಎರಡನೆಯ ಡಿಸ್ಟ್ರಿಬ್ಯೂಟರ್ ತಿರುಗುವುದು ಒಳಗಿನ ಸಣ್ಣ ಬೆಲ್ಟಿನಿಂದ. ಕಿಡಿಗಳಿಂದ ಹುಟ್ಟುವ ಓಝೋನ್ ಒಳಗೇ ಸಿಕ್ಕಿಕೊಂಡು ಆ ಬೆಲ್ಟನ್ನು ತಿಂದು ತುಂಡರಿಸುತ್ತಿತ್ತು. ತಿರುಗುತ್ತಾ ಕಿಡಿ ಹಂಚುವ ರೋಟರ್ ನಿಂತಲ್ಲೇ ನಿಂತರೆ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಒಂದೇ ಸಿಲಿಂಡರಿಗೆ ಹೋಗುತ್ತದೆ. ಆಮೇಲೆ ಗಾಳಿಯಾಡುವ ಕೊಳವೆ ಕೊಟ್ಟು ಸರಿಪಡಿಸಿದರು. ಕಾರು ಮಾಡಿದವರಿಗೇ ಇಷ್ಟು ಪೇಚಾಟ.

ಭಾವ: ನೋಡಿದೆಯಾ? ಅದಕ್ಕೇ ಜರ್ಮನಿಯಲ್ಲಿ ಹಳೆಯ ಕಾರನ್ನು ಮುಟ್ಟಲು ಬಿಡುವುದಿಲ್ಲ.

ತಂಗಿ: ಬಿಡುತ್ತಾರೆ ಭಾವ. 30 ವರ್ಷ ದಾಟಿದ ಕಾರಿಗೆ ಎಚ್ ಅಕ್ಷರದ ನಂಬರ್ ಫಲಕ ಕೊಡುವಾಗ ಮೂಲರೂಪ ನೋಡುತ್ತಾರೆ, ಆ ಕಾಲಕ್ಕೆ ಒಪ್ಪುವ ಬದಲಾವಣೆಗೆ ಅಡ್ಡಿಯಿಲ್ಲ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಂತೂ 1975ರವರೆಗಿನ ಮಾದರಿಗಳಿಗೆ ಹೊಗೆ ತಪಾಸಣೆಯೇ ಇಲ್ಲ. ಕಾನೂನನ್ನು ನೆಪ ಮಾಡಬೇಡಿ.

ಇಲ್ಲಿ ಭಾವ ಸ್ವಲ್ಪ ಹೊತ್ತು ಮೌನ. ನಡುವೆ ಅತ್ತೆಯ ಹಲಸಿನ ಹಪ್ಪಳದ ಚಿತ್ರ, ಅದಕ್ಕೆ ಹತ್ತು ಹೃದಯ.

ಚಿಕ್ಕಪ್ಪ: ಮರಿ, ನಾಳೆ ಎರಡು ಕೆಲಸ ಮಾಡು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ರೋಟರನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸು. ಆಮೇಲೆ ಕಿಡಿಯೊಂದಿಗೆ ಮಿನುಗುವ ಸ್ಟ್ರೋಬ್ ದೀಪ ಹಿಡಿದು ಪುಲ್ಲಿಯ ಗುರುತು ನೋಡು. ವಿಡಿಯೊ ಹಾಕು.

ಮರುದಿನ ವಿಡಿಯೊ ಬಂತು. ಫ್ಯಾನಿನ ಅಬ್ಬರದಲ್ಲಿ ಅಣ್ಣನ ಮಾತು ಒಂದೂ ಕೇಳಿಸುವುದಿಲ್ಲ. ದೀಪ ಮಿನುಗಿದಾಗಲೆಲ್ಲ ಪುಲ್ಲಿಯ ಮೇಲಿನ ಗೆರೆ ಒಂದು ಕಡೆ ನಿಲ್ಲಬೇಕು. ಇಲ್ಲಿ ಅದು ಬೆರಳಗಲ ಆಚೀಚೆ ಕುಣಿಯುತ್ತಿತ್ತು. ರೋಟರ್ ಕೂಡ ಹಿಡಿದೆಳೆದ ಕಡೆಗೆ ವಾಲುತ್ತಿತ್ತು.

ಚಿಕ್ಕಪ್ಪ: ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಹಿಡಿದಿಡುವ ಬುಷ್ ಸವೆದಿದೆ. ಶಾಫ್ಟ್ ಓಲಾಡಿದರೆ ಪಾಯಿಂಟಿನ ಅಂತರ ಸುತ್ತುಸುತ್ತಿಗೂ ಬದಲಾಗುತ್ತದೆ. ಆರು ಸಿಲಿಂಡರಿಗೆ ಆರು ಟೈಮಿಂಗ್. ಮಿಸ್ಸಿಂಗ್ ಹೊಡೆಯದೆ ಇನ್ನೇನು? ಬುಷ್ ಹಾಕಿಸಿ, ತೂಕ ಮತ್ತು ಸ್ಪ್ರಿಂಗ್ ಶುಚಿ ಮಾಡಿಸು.

ಅಣ್ಣ: ಹೊಸ ಡಿಸ್ಟ್ರಿಬ್ಯೂಟರ್ ಕೊಂಡರೆ ಹೊಸ ಬುಷ್ ಬಂದೇ ಬರುತ್ತದಲ್ಲ!

ತಂಗಿ: ಅದೂ ನಿಜ. ಆದರೆ ಅಣ್ಣ, ಮೊಬೈಲ್‌ನಲ್ಲಿ ಕಿಡಿಯನ್ನು ಹತ್ತು ಡಿಗ್ರಿ ಹೆಚ್ಚು ಮುಂಚೆ ಕೊಟ್ಟು ಎಂಜಿನ್ ಕುಟ್ಟತೊಡಗಿದರೆ ಆ ಫ್ಯಾನಿನ ಸದ್ದಿನಲ್ಲಿ ನಿನಗೆ ಕೇಳಿಸುವುದಿಲ್ಲ. ಕುಟ್ಟುವುದನ್ನು ಗ್ರಹಿಸುವ ಸೆನ್ಸರ್ ಬಂದದ್ದು 964ಕ್ಕೆ, ನಿನ್ನದರಲ್ಲಿ ಇಲ್ಲ.

ಚಿಕ್ಕಪ್ಪ: ಹಳೆಯ ರೋಟರ್‌ನಲ್ಲಿ ಸ್ಪ್ರಿಂಗ್ ಹಿಡಿದಿಟ್ಟ ಒಂದು ಸಣ್ಣ ತುಂಡು ಇರುತ್ತದೆ, ಗಮನಿಸಿದೆಯಾ? ವೇಗ ಮಿತಿ ಮೀರಿದರೆ ಅದು ಹೊರಕ್ಕೆ ಚಿಮ್ಮಿ ಕಿಡಿಯನ್ನು ಬೇರೆ ದಾರಿಗೆ ತಿರುಗಿಸುತ್ತದೆ. ರೋಟರ್ ಬದಲಿಸಿದರೆ ಆ ಕಾವಲು ಹೋಗುತ್ತದೆ, ಹೊಸದರಲ್ಲಿ ಬೇರೆ ಏರ್ಪಾಡು ಬೇಕು. ಎಂಜಿನ್ ಸುತ್ತು ತೋರಿಸುವ ಟ್ಯಾಕೊಮೀಟರ್ ಕೂಡ ಈ ಇಗ್ನಿಷನ್‌ನ ಸನ್ನೆಯಿಂದಲೇ ಲೆಕ್ಕ ತೆಗೆದುಕೊಳ್ಳುತ್ತದೆ. ಕಾಯಿಲ್ ಕೂಡ ಈ ಪೆಟ್ಟಿಗೆಗೆ ಜೋಡಿ, ಮಾಮೂಲಿಯದನ್ನು ತಂದು ಸಿಕ್ಕಿಸಬೇಡ. ಬೇಕಿದ್ದರೆ ಪಾಯಿಂಟ್ ಜಾಗದಲ್ಲಿ ತಾಗದೆ ಸನ್ನೆ ಕೊಡುವ ಸೆನ್ಸರ್ ಕೂರಿಸು. ಅದು ಪೆಟ್ಟಿಗೆಯೊಂದಿಗೆ ಹೊಂದುತ್ತದೆಯೇ ಎಂದು ಮೊದಲು ಕೇಳಿಕೊ. ಪೋರ್ಷೆಯವರೇ ಮುಂದೆ 911 ಎಸ್‌ಸಿಯಲ್ಲಿ ಮಾಡಿದ್ದು ಅದನ್ನೇ. ಪಾಯಿಂಟ್ ತೆಗೆದರು, ಕೆಪಾಸಿಟರ್ ಪೆಟ್ಟಿಗೆಯ ಪದ್ಧತಿಯನ್ನು ಬಿಡಲಿಲ್ಲ.

ಭಾವ: ಬುಷ್‌ಗೆ ಅರ್ಧ ಕೊಡುತ್ತೇನೆ. ಸೆನ್ಸರ್‌ಗೂ ಕೊಡುತ್ತೇನೆ, ಹಳೆಯ ಪಾಯಿಂಟ್ ಕಾರಿನಲ್ಲೇ ಇರಬೇಕು.

ಅಣ್ಣ: ಒಪ್ಪಿದೆ. ಸ್ಟ್ರೋಬ್ ದೀಪದ ಖರ್ಚೂ ಅರ್ಧ.

ಭಾವ: ದೀಪ ನಿನ್ನ ಗ್ಯಾರೇಜಿನಲ್ಲಿ ಇರುತ್ತದೆ. ಅದೇಕೆ ಅರ್ಧ?

ಅಕ್ಕ: ಕಾರು ನಮ್ಮ ಗ್ಯಾರೇಜಿನಲ್ಲಿ ಆರು ತಿಂಗಳು ನಿಂತಿತ್ತಲ್ಲ, ಅದರ ಬಾಡಿಗೆಯನ್ನೂ ಅರ್ಧ ಮಾಡೋಣವೇ?

ದೊಡ್ಡಪ್ಪ: ಎಮರಿ ಕಾಗದ ಬೇಕಾದರೆ ನಾನು ಕಳುಹಿಸುತ್ತೇನೆ.