ಸಮಸ್ಯೆ: ‘ಇರುಳಿಲ್ಲದೂರಿನಲಿ ಕತ್ತಲಾಯ್ತು’

ಮಂದಾರ:
ಗೆಳೆಯರೇ, ಮೇಲೆ ಕೊಟ್ಟ ಸಾಲೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಬೇಕು. ಈ ವಾರದ ಸಮಸ್ಯೆ ‘ಡ್ರ್ಯಾಗನ್ ಬಾಲ್ ಜ಼ಡ್’ ಎಂಬ ಜಪಾನಿ ಕಾರ್ಟೂನ್ ಸರಣಿ, ಅಂದರೆ ಅನಿಮೆಯಿಂದ (1989–96). ನಾಮೆಕ್ ಗ್ರಹಕ್ಕೆ ಮೂವರು ಸೂರ್ಯರು, ಅಲ್ಲಿ ರಾತ್ರಿಯೇ ಇಲ್ಲ. ಆ ಗ್ರಹದ ಹಸಿರು ಮೈಯ ಪುಟ್ಟ ಹುಡುಗ ಡೆಂಡೆಯ ಮೇಲೆ ಪದ್ಯ ಬೇಕು. ಕಥೆಯೆಲ್ಲ ನಾಯಕ ಗೋಕು, ಖಳ ಫ್ರೀಜಾ ಅಂತ ಬಡಿದಾಡುವವರ ಸುತ್ತಲೇ ತಿರುಗುತ್ತದೆ. ಬಡಿದಾಡಲು ಬಾರದ ಈ ಮಗು ನನಗೆ ಅವರೆಲ್ಲರಿಗಿಂತ ಇಷ್ಟ. ಐದೈದು ಮಾತ್ರೆಯ ಗಣಗಳ ಚೌಪದಿ (ನಾಲ್ಕು ಸಾಲಿನ ಪದ್ಯ), ಆದಿಪ್ರಾಸ ‘ರ’, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ರಕಾರ. ಲಗಾದಿ (ಮೊದಲು ಲಘು, ಆಮೇಲೆ ಗುರು ಅಕ್ಷರ ಬರುವ) ಗಣ ಬೇಡ.

ತುಂಗಾತೀರ:
ಕಿರಿಯನಾ ಡೆಂಡೆ ತನ್ನೂರ ನುಡಿಯಲಿ ಕೂಗೆ
ತೆರೆದು ಬಾನನು ಪೊರುಂಗನು ತಲೆಯನೆತ್ತಿದನು
ಉರಿವ ಮೂರ್ನೇಸರಿರೆ ಬಾನಿನಲಿ, ನಡುಹಗಲೆ
ಇರುಳಿಲ್ಲದೂರಿನಲಿ ಕತ್ತಲಾಯ್ತು

ಮಂದಾರ:
ಸೊಗಸಾಗಿದೆ ಸರ್. ವರ ಕೊಡುವ ಡ್ರ್ಯಾಗನ್ ಪೊರುಂಗನಿಗೆ ನಾಮೆಕ್ ಭಾಷೆಯಲ್ಲೇ ಕೇಳಬೇಕು, ಹಾಗಾಗಿ ಡೆಂಡೆಯೇ ಬೇಕಾಯಿತು. ಅವನು ಕರೆದಾಗ ಆಕಾಶ ನಿಜವಾಗಿಯೂ ಕಪ್ಪಾಗುತ್ತದೆ. ‘ಬಾನು’ ಎರಡು ಸಲ ಬಂದಿದೆ, ಒಂದನ್ನು ಬದಲಿಸಬಹುದು ಅಲ್ವಾ?

ಕಾಡುಮಲ್ಲಿಗೆ:
ನನ್ನದು ಡೆಂಡೆಯ ಹಳ್ಳಿಯ ಮೇಲೆ ದಾಳಿಯಾದ ಹೊತ್ತು. ಡೊಡೊರಿಯ ಫ್ರೀಜಾನ ಬಂಟ, ಮೂರಿ ಆ ಹಳ್ಳಿಯ ಹಿರಿಯ.

ಕರುಣೆಯಿಲ್ಲದೆ ಕಾರ್ಗೊವನು ಕೊಂದ ಡೊಡೊರಿಯ
ಹಿರಿಯ ಮೂರಿಯ ಕೊರಳ ಮುರಿದು ಬಿಸುಟನು ನೆಲಕೆ
ಮರುಸರದಿ ತನ್ನದೆಂದರಿತ ಡೆಂಡೆಯ ಕಣ್ಗೆ
ಇರುಳಿಲ್ಲದೂರಿನಲಿ ಕತ್ತಲಾಯ್ತು

ತುಂಗಾತೀರ:
ಮೇಡಂ, ಮೂರನೇ ಸಾಲು ಓದಿ ಸುಮ್ನೆ ಕೂತುಬಿಟ್ಟೆ. ಕತ್ತಲನ್ನು ಆಕಾಶದಿಂದ ಮಗುವಿನ ಕಣ್ಣಿಗೆ ತಂದಿರಿ. ಕಾರ್ಗೊ ಅವನ ಅಣ್ಣ-ತಮ್ಮನಂತೆ ಜೊತೆಗಿದ್ದ ಹುಡುಗ. ಅಡಗಿ ನೋಡುತ್ತಿದ್ದ ಗೋಕುವಿನ ಮಗ ಗೋಹಾನ್ ತಡೆಯಲಾರದೆ ನುಗ್ಗದಿದ್ದರೆ ಡೆಂಡೆಯೂ ಅಲ್ಲೇ ಮುಗಿಯುತ್ತಿದ್ದ.

ನೀರಗುಳ್ಳೆ:
ನಂದೊಂದು. ನಾಮೆಕ್ ಜನರ ಮುದಿ ಹಿರಿಯ ‘ಗುರು’ ಅವನೊಳಗಿನ ಶಕ್ತಿಯನ್ನು ಎಬ್ಬಿಸಿದ ಮೇಲೆ ಡೆಂಡೆ ಗಾಯ ವಾಸಿಮಾಡುತ್ತಿದ್ದ. ಅದನ್ನು ಕಂಡಿದ್ದ ಫ್ರೀಜಾ ಕೊನೆಯ ರೂಪಕ್ಕೆ ಬಂದದ್ದೇ ಮೊದಲು ಕೊಂದದ್ದು ಇವನನ್ನು.

ಕರಸೋಕಿ ಗಾಯಗಳ ಮಾಯಿಸಿದ ಮಗುವನ್ನು
ಅರಿಯು ಗುರಿಯಿಟ್ಟು ಮೊದಲಲೆ ಸುಟ್ಟು ಕೆಡಹಿದನು
ಪೊರೆವ ಕೈ ತಣ್ಣಗಾಯಿತು ನೋಡೆ, ಗೆಳೆಯರಿಗೆ
ಇರುಳಿಲ್ಲದೂರಿನಲಿ ಕತ್ತಲಾಯ್ತು

ಮಂದಾರ:
‘ಪೊರೆವ ಕೈ ತಣ್ಣಗಾಯಿತು’ ಬಹಳ ಹಿಡಿಸಿತು. ಆದರೂ ನನ್ನ ಮೆಚ್ಚಿನದು ಕಾಡುಮಲ್ಲಿಗೆಯವರದೇ. ಅಲ್ಲಿ ಕತ್ತಲು ಡೆಂಡೆಯದು, ಇಲ್ಲಿ ನೋಡುವವರದು. ಇನ್ನೊಂದು ಸಂದರ್ಭ ಯಾರೂ ಮುಟ್ಟಿಲ್ಲ. ಎರಡು ವರ ಮುಗಿದು ಮೂರನೆಯದು ಕೇಳುವಷ್ಟರಲ್ಲಿ ಗುರು ತೀರಿಕೊಂಡು, ಅವನ ಉಸಿರಿಗೇ ಕಟ್ಟುಬಿದ್ದ ಪೊರುಂಗನೂ ಮಾಯವಾಗುತ್ತಾನೆ. ಬೆಳಕು ಮರಳುತ್ತದೆ, ಡೆಂಡೆಯ ಪಾಲಿಗೆ ಗುರುವೇ ಇಲ್ಲ. ಅದನ್ನು ಭಾನುವಾರದೊಳಗೆ ಯಾರಾದರೂ ಬರೆಯಿರಿ. ಭಾಮಿನಿ ಷಟ್ಪದಿಯಲ್ಲಾದರೂ ಸರಿ, ಸಾಲನ್ನು ಹೊಂದಿಸಿಕೊಳ್ಳಿ.